ಚಿಗರಿಗೆ ಬಂದೂಕು ಉತ್ತರವೇ? ಬಯಲುಸೀಮೆಯ ಒಂದು ಲೆಕ್ಕಾಚಾರ

ಹಾವೇರಿ: ಮುಂಗಾರಿನ ಮೊದಲ ಹದಕ್ಕೆ ಬಿತ್ತಿದ ಗೋವಿನಜೋಳ ಗೇಣುದ್ದ ಏಳುವ ಹೊತ್ತಿಗೆ ಹಾವೇರಿ, ಗದಗ, ಕೊಪ್ಪಳ, ಧಾರವಾಡ ಜಿಲ್ಲೆಗಳ ಬಯಲಿನಲ್ಲಿ ಪ್ರತಿವರ್ಷ ಒಂದೇ ದೂರು ಕೇಳಿಬರುತ್ತದೆ. ಹಿಂಡುಹಿಂಡಾಗಿ ಬರುವ ಕೃಷ್ಣಮೃಗಗಳು, ಈ ಭಾಗದ ಆಡುಮಾತಿನ ಚಿಗರಿಗಳು, ಬೆಳಗಾಗುವುದರೊಳಗೆ ಎಳೆಯ ಸಸಿಗಳನ್ನು ಮೇಯ್ದು, ಉಳಿದದ್ದನ್ನು ತುಳಿದು ಹೋಗಿರುತ್ತವೆ. ಬೀಜ, ಗೊಬ್ಬರ, ಕೂಲಿಗೆ ಸಾಲ ಮಾಡಿದ ರೈತ ಮತ್ತೊಮ್ಮೆ ಬಿತ್ತಬೇಕು. ಅಷ್ಟರಲ್ಲಿ ಹದ ತಪ್ಪಿರುತ್ತದೆ. ಹಿಂಗಾರಿನಲ್ಲಿ ಕಡಲೆಗೂ ಇದೇ ಗತಿ. ‘ಒಂದೋ ಹಿಡಿದುಕೊಂಡು ಹೋಗಿ, ಇಲ್ಲವೇ ಹೊಡೆಯಲು ಅಪ್ಪಣೆ ಕೊಡಿ’ ಎಂಬ ಬೇಡಿಕೆ ರೈತರ ಪ್ರತಿಭಟನೆಗಳಲ್ಲಿ ಹೊಸದೇನಲ್ಲ.

ಈ ಬೇಡಿಕೆಯ ಎರಡನೆಯ ಭಾಗವನ್ನು ಇದುವರೆಗೆ ಯಾರೂ ಕೊನೆಯವರೆಗೆ ಯೋಚಿಸಿ ನೋಡಿದಂತಿಲ್ಲ. ಪರಿಸರವಾದಿಗಳು ಅದನ್ನು ಕ್ರೌರ್ಯವೆಂದು ತಳ್ಳಿಹಾಕುತ್ತಾರೆ; ಜನಪ್ರತಿನಿಧಿಗಳು ಸಭೆಯಲ್ಲಿ ತಲೆಯಾಡಿಸಿ ಮರೆಯುತ್ತಾರೆ. ಆದರೆ ಹೊಡೆಯುವುದೆಂದರೆ ಯಾವ ಬಂದೂಕಿನಿಂದ, ಎಷ್ಟು ದೂರದಿಂದ, ಯಾರ ಕೈಯಿಂದ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟರೆ ಬಯಲುಸೀಮೆಯ ಈ ಸಮಸ್ಯೆಯ ನಿಜವಾದ ಆಕಾರ ಕಾಣಿಸುತ್ತದೆ.

ಎರಡು ತಿಂಗಳು, ನಾಲ್ಕು ಸುದ್ದಿ

2025ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ನಾಲ್ಕು ಬೆಳವಣಿಗೆಗಳು ನಡೆದವು. ಉಪಟಳ ನೀಡುವ ವನ್ಯಜೀವಿಗಳನ್ನು ಕೊಲ್ಲುವ ಅಧಿಕಾರವನ್ನು ಸರಳಗೊಳಿಸುವ ತಿದ್ದುಪಡಿ ಮಸೂದೆಯನ್ನು ಕೇರಳ ವಿಧಾನಸಭೆ ಅಂಗೀಕರಿಸಿತು. ಮಧ್ಯಪ್ರದೇಶದಲ್ಲಿ ದಕ್ಷಿಣ ಆಫ್ರಿಕದ ತಜ್ಞರ ನೆರವಿನಿಂದ, ಹೆಲಿಕಾಪ್ಟರ್ ಬಳಸಿ 800ಕ್ಕೂ ಹೆಚ್ಚು ಕೃಷ್ಣಮೃಗಗಳನ್ನು ಹೊಲಗಳಿಂದ ಜೀವಂತವಾಗಿ ಹಿಡಿದು ಅಭಯಾರಣ್ಯಗಳಿಗೆ ಸಾಗಿಸಲಾಯಿತು. ಬೆಳಗಾವಿ ಸಮೀಪದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಕಿರು ಮೃಗಾಲಯದಲ್ಲಿ ಗಳಲೆ ರೋಗ ತಗುಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವು. ಕೇಂದ್ರ ಕೃಷಿ ಸಚಿವಾಲಯವು ವನ್ಯಪ್ರಾಣಿಗಳಿಂದಾಗುವ ಬೆಳೆಹಾನಿಯನ್ನು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ವ್ಯಾಪ್ತಿಗೆ ತರುವುದಾಗಿಯೂ, 2026ರ ಮುಂಗಾರಿನಿಂದ ಅದನ್ನು ಜಾರಿಗೊಳಿಸುವುದಾಗಿಯೂ ಪ್ರಕಟಿಸಿತು.

ಕೊಲ್ಲುವುದು, ಹಿಡಿದು ಸಾಗಿಸುವುದು, ಬೇಲಿಯೊಳಗೆ ಸಾಕುವುದು, ಹಾನಿ ತುಂಬಿಕೊಡುವುದು – ರೈತರೂ ಅಧಿಕಾರಿಗಳೂ ದಶಕಗಳಿಂದ ಚರ್ಚಿಸುತ್ತ ಬಂದ ನಾಲ್ಕೂ ದಾರಿಗಳು ಎರಡೇ ತಿಂಗಳಲ್ಲಿ ಒಂದೊಂದು ರೀತಿಯ ಪರೀಕ್ಷೆಗೆ ಒಳಗಾದವು. ಇವುಗಳಲ್ಲಿ ಮೊದಲನೆಯದು ಹೆಚ್ಚು ಜನಪ್ರಿಯ. ಆದ್ದರಿಂದ ಅದನ್ನೇ ಮೊದಲು ಪರಿಶೀಲಿಸಬೇಕು.

ಕಾನೂನಿನ ಗೋಡೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೆಯ ಕಲಮು ಬೇಟೆಯನ್ನು ನಿಷೇಧಿಸುತ್ತದೆ. 11ನೆಯ ಕಲಮು ಅದಕ್ಕೆ ಕೆಲವು ವಿನಾಯಿತಿ ನೀಡುತ್ತದೆ. ವಿನಾಯಿತಿಯ ಎರಡು ಭಾಗಗಳ ನಡುವಿನ ವ್ಯತ್ಯಾಸವನ್ನು ಬಹಳ ಮಂದಿ ಗಮನಿಸಿಲ್ಲ. ಎರಡನೆಯ ಅನುಸೂಚಿಯ ಪ್ರಾಣಿ ಮನುಷ್ಯನ ಪ್ರಾಣಕ್ಕೆ ಅಥವಾ ಆಸ್ತಿಗೆ, ನಿಂತ ಬೆಳೆಯೂ ಸೇರಿದಂತೆ, ಅಪಾಯಕಾರಿಯಾದರೆ ಅದನ್ನು ಬೇಟೆಯಾಡಲು ಅನುಮತಿ ಕೊಡಬಹುದು. ಒಂದನೆಯ ಅನುಸೂಚಿಯ ಪ್ರಾಣಿಗೆ ಬೆಳೆಹಾನಿ ಕಾರಣವಾಗುವುದಿಲ್ಲ. ಅದು ಮನುಷ್ಯನ ಜೀವಕ್ಕೆ ಅಪಾಯಕಾರಿಯಾಗಿರಬೇಕು, ಇಲ್ಲವೇ ಗುಣವಾಗದಷ್ಟು ಅಂಗಹೀನ ಅಥವಾ ರೋಗಗ್ರಸ್ತವಾಗಿರಬೇಕು. ಆಗಲೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು.

ಕೃಷ್ಣಮೃಗ ಒಂದನೆಯ ಅನುಸೂಚಿಯಲ್ಲಿದೆ. ಕಾಡುಹಂದಿ, ನೀಲಗಾಯಿಗಳು ಎರಡನೆಯದರಲ್ಲಿವೆ. ಹೊಲಕ್ಕೆ ನುಗ್ಗಿದ ಹಂದಿಯ ವಿಷಯದಲ್ಲಿ ಸಾಧ್ಯವಾಗುವ ಆದೇಶ ಅದೇ ಹೊಲಕ್ಕೆ ನುಗ್ಗಿದ ಚಿಗರಿಯ ವಿಷಯದಲ್ಲಿ ಸಾಧ್ಯವಾಗದು. ಪ್ರಾಣಿಯೊಂದನ್ನು ‘ಪೀಡಕ’ ಎಂದು ಘೋಷಿಸುವ 62ನೆಯ ಕಲಮು ಕೂಡ ಒಂದನೆಯ ಅನುಸೂಚಿಯನ್ನು ಮುಟ್ಟುವುದಿಲ್ಲ. ಕೇರಳದ ಮಸೂದೆ ರಾಜ್ಯಕ್ಕೆ ಕೊಡಹೊರಟಿರುವ ಪೀಡಕ ಘೋಷಣೆಯ ಅಧಿಕಾರವೂ ಎರಡನೆಯ ಅನುಸೂಚಿಗೆ ಸೀಮಿತ. ಅದನ್ನು ಇದ್ದಂತೆಯೇ ಕರ್ನಾಟಕ ಎರವಲು ಪಡೆದರೂ ಹಾವೇರಿಯ ರೈತನಿಗೆ ಚಿಗರಿಯ ಮಟ್ಟಿಗೆ ಏನೂ ದಕ್ಕುವುದಿಲ್ಲ.

ಉಲ್ಲಂಘಿಸಿದರೆ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. 2022ರ ತಿದ್ದುಪಡಿಯ ನಂತರ ದಂಡ 25,000 ರೂಪಾಯಿಗಿಂತ ಕಡಿಮೆಯಿಲ್ಲ. 1998ರಲ್ಲಿ ರಾಜಸ್ಥಾನದ ಕಂಕಾಣಿಯಲ್ಲಿ ನಡೆದ ಕೃಷ್ಣಮೃಗ ಬೇಟೆಯ ಪ್ರಕರಣದಲ್ಲಿ ನಟ ಸಲ್ಮಾನ್ ಖಾನ್ ಅವರಿಗೆ ಜೋಧಪುರದ ನ್ಯಾಯಾಲಯ 2018ರ ಏಪ್ರಿಲ್ 5ರಂದು 5 ವರ್ಷಗಳ ಶಿಕ್ಷೆ ವಿಧಿಸಿತು; ಅವರು ಮೇಲ್ಮನವಿ ಸಲ್ಲಿಸಿ ಜಾಮೀನು ಪಡೆದರು. ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುವ ಶಕ್ತಿ ಚಿತ್ರನಟನಿಗೆ ಇದ್ದೀತು. ಮೂರು ಎಕರೆಯ ರೈತನಿಗೆ ಇರಲಾರದು.

ಕಾನೂನನ್ನು ತಿದ್ದಬಹುದಲ್ಲ ಎಂಬ ವಾದವೂ ಉಂಟು. ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಕೃಷ್ಣಮೃಗವನ್ನು ಈಗ ಅಳಿವಿನ ಆತಂಕ ಕಡಿಮೆಯಿರುವ ಪ್ರಾಣಿಗಳ ಸಾಲಿಗೆ ಸೇರಿಸಿದೆ. ಸಂಸತ್ತು ಮನಸ್ಸು ಮಾಡಿದರೆ ಅನುಸೂಚಿ ಬದಲಾಗಬಹುದು. ಹಾಗೆ ಬದಲಾಯಿತು ಎಂದೇ ಇಟ್ಟುಕೊಂಡರೆ ಮುಂದಿನ ಪ್ರಶ್ನೆ ಬಂದೂಕಿನದು.

ಯಾವ ನಳಿಗೆ, ಎಷ್ಟು ದೂರ

ರೈತನಿಗೆ ಇಂದು ಸಿಗಬಹುದಾದ ಬಂದೂಕು ಯಾವುದೆಂಬುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಹೇಳುತ್ತದೆ. ಬೆಳೆ ರಕ್ಷಣೆಗೆಂದು ಅದರ 13ನೆಯ ಕಲಮು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದೆಂದು ಪರವಾನಗಿ ನೀಡುವ ಅಧಿಕಾರಿಗೆ ಮನವರಿಕೆಯಾದರೆ ಒಳಭಾಗ ನುಣುಪಾಗಿರುವ ನಳಿಗೆಯ ಬೇರೆ ಬಂದೂಕು ಕೊಡಬಹುದು. ಅಂದರೆ ವ್ಯವಹಾರದಲ್ಲಿ 12 ಬೋರಿನ ಒಂಟಿನಳಿಗೆ ಅಥವಾ ಜೋಡುನಳಿಗೆ ತೋಟಾಕೋವಿ.

12 ಬೋರ್ ಎಂದರೆ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ. ರೈಫಲ್‌ಗಳ ನಳಿಗೆಗೆ ಹೋಲಿಸಿದರೆ ಇದು ಬಹಳ ದೊಡ್ಡದು. ಆದರೆ ಬಾಯಿ ದೊಡ್ಡದಾದ ಮಾತ್ರಕ್ಕೆ ಹೊಡೆತ ದೂರ ಹೋಗುವುದಿಲ್ಲ. ಅದರ ಚರೆಗಳು ನಳಿಗೆಯಿಂದ ಹೊರಬಿದ್ದೊಡನೆ ಚದುರತೊಡಗುತ್ತವೆ. 35-40 ಮೀಟರ್ ದಾಟಿದರೆ ಪ್ರಾಣಿಯನ್ನು ಒಂದೇ ಹೊಡೆತಕ್ಕೆ ಬೀಳಿಸುವ ಭರವಸೆ ಇಲ್ಲ. ಮಲೆನಾಡಿನ ಪೊದೆಯಿಂದ ಹೊರಬೀಳುವ ಹಂದಿಗೆ ಇದು ಸಾಕು. ಬಯಲಿನ ಚಿಗರಿಯ ಕಣ್ಣು ಬಹಳ ಚುರುಕು. ಒಮ್ಮೆ ಬಂದೂಕಿನ ಸದ್ದು ಕೇಳಿದ ಹಿಂಡು ಮನುಷ್ಯನನ್ನು ನೂರು ಮೀಟರ್ ಹತ್ತಿರಕ್ಕೂ ಬಿಟ್ಟುಕೊಳ್ಳದು. ಓಡಲು ತೊಡಗಿದರೆ ಗಂಟೆಗೆ 80 ಕಿ.ಮೀ. ವೇಗ. ನೂರು ಮೀಟರಿನಾಚೆ ಹಾರಿಸಿದ ಚರೆ ಅದರ ಹೊಟ್ಟೆಗೋ ಕಾಲಿಗೋ ತಗುಲಿ, ಪ್ರಾಣಿ ಓಡಿಹೋಗಿ ಎರಡು ಮೂರು ದಿನ ನರಳಿ ಇನ್ನಾರದೋ ಹೊಲದಲ್ಲಿ ಸಾಯುತ್ತದೆ.

ಹಾಗಾದರೆ ರೈಫಲ್. ಭಾರತದಲ್ಲಿ ಖಾಸಗಿಯವರಿಗೆ ಪರವಾನಗಿಯ ಮೇಲೆ ದೊರೆಯುವ ರೈಫಲ್‌ಗಳಲ್ಲಿ ಮುಖ್ಯವಾದವು ಮೂರು: .22, .315 ಮತ್ತು .30-06. ಸೇನೆ-ಪೊಲೀಸರು ಬಳಸಿದ .303 ನಿಷೇಧಿತ ಬೋರ್‌ಗಳ ಪಟ್ಟಿಗೆ ಸೇರಿದೆ.

.22 ರೈಫಲ್‌ನ ಗುಂಡಿನ ಶಕ್ತಿ ಸಾಮಾನ್ಯವಾಗಿ 150ರಿಂದ 200 ಜೂಲ್. ಗುರಿ ಅಭ್ಯಾಸಕ್ಕೂ ಸಣ್ಣ ಪ್ರಾಣಿಗಳಿಗೂ ರೂಪುಗೊಂಡ ಗುಂಡು ಅದು. ಮೂವತ್ತು ನಲವತ್ತು ಕಿಲೋ ತೂಗುವ ಚಿಗರಿಯನ್ನು ಅದು ಕೊಲ್ಲುವುದಕ್ಕಿಂತ ಗಾಯಗೊಳಿಸುವ ಸಂಭವವೇ ಹೆಚ್ಚು. .315 ಇದಕ್ಕೆ ವಿರುದ್ಧ ತುದಿ. 8 ಮಿ.ಮೀ. ದಪ್ಪದ, ಸುಮಾರು 15.8 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 620 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿ 3,000 ಜೂಲ್ ಮುಟ್ಟುತ್ತದೆ. ಚಿಗರಿಗೆ ಇದು ಬೇಕಾದುದಕ್ಕಿಂತ ಹೆಚ್ಚು. ಆದರೆ ಭಾರದ, ನಿಧಾನದ ಗುಂಡಾದ್ದರಿಂದ 200 ಮೀಟರ್ ಕ್ರಮಿಸಲು ಅದಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಮಯ ಬೇಕು. ಅಷ್ಟರಲ್ಲಿ ಭೂಮಿಯ ಸೆಳೆತ ಅದನ್ನು ನೇರ ರೇಖೆಯಿಂದ 60 ಸೆಂ.ಮೀ.ಗೂ ಹೆಚ್ಚು ಕೆಳಕ್ಕೆ ಎಳೆದಿರುತ್ತದೆ. ಚಿಗರಿಯ ಎದೆಯಲ್ಲಿ ಮರ್ಮಸ್ಥಾನದ ಅಗಲ ಒಂದು ಗೇಣು ಇದ್ದರೆ ಹೆಚ್ಚು. ದೂರದ ಅಂದಾಜಿನಲ್ಲಿ ಐವತ್ತು ಮೀಟರ್ ತಪ್ಪಿದರೂ ಗುಂಡು ಆ ಗೇಣಿನಾಚೆ ಬೀಳುತ್ತದೆ.

ಇದೇ ಕಾರಣಕ್ಕೆ ಹೊರದೇಶಗಳಲ್ಲಿ ಬಯಲಿನ ಜಿಂಕೆ ಜಾತಿಗೆ ಹಗುರ, ವೇಗದ ಗುಂಡನ್ನು ಆರಿಸುತ್ತಾರೆ. ಅಲ್ಲಿ ಹೆಸರಾದ .243 ಕ್ಯಾಲಿಬರಿನ ಗುಂಡು ಸುಮಾರು 6 ಮಿ.ಮೀ. ದಪ್ಪ, 6.5 ಗ್ರಾಂ ತೂಕ. ವೇಗ ಸೆಕೆಂಡಿಗೆ 900 ಮೀಟರ್. 200 ಮೀಟರಿಗೆ ಅದರ ಇಳಿತ .315ರ ಅರ್ಧಕ್ಕಿಂತ ಕಡಿಮೆ. .30-06 ಇವೆರಡರ ನಡುವೆ ನಿಲ್ಲುತ್ತದೆ, ಶಕ್ತಿಯಲ್ಲಿ ಎರಡನ್ನೂ ಮೀರಿಸುತ್ತದೆ. ಕಾಗದದ ಮೇಲಿನ ಲೆಕ್ಕದಲ್ಲಿ ಬಯಲಿಗೆ .243 ಒಳ್ಳೆಯದು ಎನ್ನಬಹುದು. ಆದರೆ ಕೃಷಿಕನ ಪರವಾನಗಿ ಕೇಪಿನ ಕೋವಿಯಿಂದ ಆರಂಭವಾಗುವ ನಾಡಿನಲ್ಲಿ ಆ ಆಯ್ಕೆ ಅವನ ಮುಂದೆ ಇಲ್ಲವೇ ಇಲ್ಲ. ಜತೆಗೆ ಮುಂಗಾರಿನ ಗಾಳಿಯನ್ನು ಮರೆಯಬಾರದು. ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳೇ ಈ ಸೀಮೆಯ ಗಾಳಿಯ ಬಲವನ್ನು ಸಾರುತ್ತವೆ. ಹಗುರವಾದ ಗುಂಡು ಅಡ್ಡಗಾಳಿಗೆ ಪಕ್ಕಕ್ಕೆ ಸರಿಯುತ್ತದೆ.

ಬಯಲೇ ಅಪಾಯ

ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ ಎಂಬುದು ಇದಕ್ಕಿಂತ ಗಂಭೀರವಾದ ಪ್ರಶ್ನೆ. ಚಿಕ್ಕದೆನಿಸುವ .22 ಗುಂಡೂ ಒಂದೂವರೆ ಕಿ.ಮೀ. ಹಾರಬಲ್ಲದು. ದೊಡ್ಡ ರೈಫಲ್‌ಗಳ ಗುಂಡು ಮೂರು ನಾಲ್ಕು ಕಿ.ಮೀ. ದಾಟಬಲ್ಲದು. ಗುಡ್ಡಗಾಡಿನಲ್ಲಿ ಗುರಿಯ ಹಿಂದೆ ಮಣ್ಣಿನ ಏರು ಇರುತ್ತದೆ, ಗುಂಡು ಅಲ್ಲಿಯೇ ಹೂತುಹೋಗುತ್ತದೆ. ಬಯಲಿನಲ್ಲಿ ಅಂಥ ತಡೆ ಇಲ್ಲ. ದೂರದ ಗುರಿಗೆ ಯಾವ ರೈಫಲ್ ಅನುಕೂಲವೋ ಅದೇ ರೈಫಲ್ ಬಯಲಿನ ಮನುಷ್ಯನಿಗೆ ಹೆಚ್ಚು ಅಪಾಯಕಾರಿ.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಸುತ್ತಲಿನ ನೆಲವನ್ನೇ ಉದಾಹರಣೆಯಾಗಿ ನೋಡಬಹುದು. ಪಶ್ಚಿಮಕ್ಕೆ ಹಾನಗಲ್ಲು-ಮುಂಡಗೋಡದ ಕಡೆ ಅರೆಮಲೆನಾಡು. ಪೂರ್ವಕ್ಕೆ ಸವಣೂರಿನ ಕಡೆ ಬಯಲು. ನಡುವೆ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ. ಪ್ರವಾಸಿಗರು ಬಂದಿಳಿಯುವ ಉತ್ಸವ ರಾಕ್ ಗಾರ್ಡನ್, 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದ ಆವರಣ, ಊರು, ತೋಟದ ಮನೆಗಳು, ಎಲ್ಲವೂ ರೈಫಲ್ ಗುಂಡಿನ ಹಾರಾಟದ ಅಳತೆಯೊಳಗೇ ಬರುವ ದೂರಗಳು. ಹಾವೇರಿ ಜಿಲ್ಲೆಯ ಯಾವ ದಿಕ್ಕಿಗೆ ನಿಂತು ನಾಲ್ಕು ಕಿ.ಮೀ. ಗೆರೆ ಎಳೆದರೂ ಅದು ಒಂದಲ್ಲ ಒಂದು ಊರನ್ನೋ ರಸ್ತೆಯನ್ನೋ ತಾಗದೆ ಇರುವುದು ಅಪರೂಪ.

ಊರು ಕಣ್ಣಿಗೆ ಕಾಣುತ್ತದೆ. ಕಾಣದಿರುವವರು ಹೊಲದಲ್ಲಿರುವ ಜನ. ಚಿಗರಿ ಕಾಯಲೆಂದೇ ರೈತರು ರಾತ್ರಿ ಹೊಲದ ಗುಡಿಸಲಿನಲ್ಲಿ ಮಲಗುತ್ತಾರೆ. ಸುಗ್ಗಿಯ ನಂತರ ಕುರಿಗಾರರು ಹಿಂಡಿನೊಂದಿಗೆ ಬಯಲಿನಲ್ಲೇ ಬೀಡು ಬಿಡುತ್ತಾರೆ. ಚಿಗರಿ ಹೊಲಕ್ಕಿಳಿಯುವ ಹೊತ್ತು ಮುಸ್ಸಂಜೆ, ರಾತ್ರಿ, ನಸುಕು. ಆ ಮಸುಕು ಬೆಳಕಿನಲ್ಲಿ ಒಬ್ಬ ಕಾವಲುಗಾರ ಹಾರಿಸಿದ ಗುಂಡಿನ ದಾರಿಯಲ್ಲಿ ಇನ್ನೊಬ್ಬ ಕಾವಲುಗಾರ ಇರುವ ಸಂಭವವೇ ಹೆಚ್ಚು. ಬೆಳೆ ಉಳಿಸಲು ಕೊಟ್ಟ ಪರವಾನಗಿ ಪಕ್ಕದ ಹೊಲದವನ ಜೀವ ತೆಗೆಯಬಾರದು.

ಶಿಕಾರಿಯ ಕಾಲದ ಪಾಠ

ಹಿಂದಿನವರು ಬಯಲಿನಲ್ಲಿ ಬೇಟೆಯಾಡಲಿಲ್ಲವೇ ಎಂದು ಕೇಳಬಹುದು. ಆಡಿದ್ದರು, ಧಾರಾಳವಾಗಿ. ಬ್ರಿಟಿಷ್ ಅಧಿಕಾರಿಗಳ ಕಾಲದಲ್ಲಿ ಕೃಷ್ಣಮೃಗ ದಖ್ಖನ್ನಿನ ಬಯಲಿನ ಸಾಮಾನ್ಯ ಶಿಕಾರಿ. ಮೊದಲು ಕರಿಮದ್ದಿನ .450, .500 ಎಕ್ಸ್‌ಪ್ರೆಸ್ ರೈಫಲ್‌ಗಳು ಬಂದವು. ಬಳಿಕ ಹೊಗೆರಹಿತ ಮದ್ದಿನ 6.5 ಮಿ.ಮೀ. ಮ್ಯಾನ್‌ಲಿಖರ್‌ನಂಥ ಹಗುರ ರೈಫಲ್‌ಗಳು ಬಯಲಿನ ಶಿಕಾರಿಗರ ಮೆಚ್ಚುಗೆ ಗಳಿಸಿದವು. ಸೇನೆಯ ಮದ್ದುಗುಂಡು ಬಂಡಾಯಗಾರರ ಕೈ ಸೇರೀತೆಂಬ ಭಯದಿಂದ ಬ್ರಿಟಿಷ್ ಸರಕಾರ 20ನೆಯ ಶತಮಾನದ ಮೊದಲ ದಶಕದಲ್ಲಿ .450 ಮತ್ತು .303 ಬೋರ್‌ಗಳನ್ನು ಖಾಸಗಿಯವರಿಗೆ ನಿರ್ಬಂಧಿಸಿತು. ಸೇನೆ ಬಳಸದ .315 ಖಾಸಗಿಯವರ ರೈಫಲ್ ಆಗಿ ಇಲ್ಲಿ ಬೇರೂರಿದ್ದರ ಹಿಂದೆಯೂ ಇದೇ ನೀತಿಯಿದೆ. ಸ್ವಾತಂತ್ರ್ಯಾನಂತರ ಸರಕಾರಿ ಕಾರ್ಖಾನೆಗಳು ಅದನ್ನೇ ತಯಾರಿಸುತ್ತ ಬಂದವು. ಅಂದರೆ ಭಾರತೀಯನ ಕೈಯಲ್ಲಿರುವ ಕ್ಯಾಲಿಬರ್ ಪ್ರಾಣಿಯನ್ನು ನೋಡಿ ಆರಿಸಿದ್ದಲ್ಲ, ದಂಗೆಯ ಭಯದಿಂದ ಉಳಿದದ್ದು.

ಆ ಕಾಲದ ಬಯಲಿನಲ್ಲಿ ಜನಸಂಖ್ಯೆ ಇಂದಿನದರ ಒಂದು ಸಣ್ಣ ಅಂಶವಾಗಿತ್ತು ಎಂಬುದು ಒಂದು ಮಾತು. ಪರಿಣಾಮ ಏನಾಯಿತೆಂಬುದು ಇನ್ನೊಂದು. ಜೀಪು ಮತ್ತು ಪ್ರಖರ ದೀಪ ಬಂದ ಮೇಲೆ ರಾತ್ರಿ ಬೇಟೆಗೆ ಮಿತಿಯೇ ಉಳಿಯಲಿಲ್ಲ. ಒಂದು ಕಾಲಕ್ಕೆ ದೇಶದಲ್ಲಿ ಲಕ್ಷಗಟ್ಟಲೆ ಇದ್ದ ಕೃಷ್ಣಮೃಗಗಳು 1970ರ ದಶಕದ ಹೊತ್ತಿಗೆ ಇಪ್ಪತ್ತು ಸಾವಿರದ ಆಸುಪಾಸಿಗೆ ಇಳಿದವು ಎಂಬ ಅಂದಾಜಿದೆ. ಅದನ್ನು ಬೇಟೆಯಾಡುತ್ತಿದ್ದ ಚೀತಾ ದೇಶದಿಂದಲೇ ಅಳಿಯಿತು. 1972ರ ಕಾಯ್ದೆ ಹಾಗೂ 1974ರಲ್ಲಿ ಘೋಷಣೆಯಾದ 119 ಚ.ಕಿ.ಮೀ. ವಿಸ್ತಾರದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಇಂದು ರೈತರನ್ನು ಕಾಡುವ ಹಿಂಡು ಆ ರಕ್ಷಣೆಯ ಫಲ.

ಬಂದೂಕಿಗೂ ಮೊದಲಿನ ಬೇಟೆ ಬಲೆ-ಉರುಲುಗಳದು. ಉತ್ತರ ಕರ್ನಾಟಕದ ಹರಣಶಿಕಾರಿ ಸಮುದಾಯದ ಹೆಸರಿನಲ್ಲಿಯೇ ಆ ಕಸುಬು ಉಳಿದಿದೆ. ಪ್ರಾಣಿಯ ನಡೆ, ದಾರಿ, ಬೆದರಿಕೆಗಳನ್ನು ಅರಿತು ಜೀವಂತ ಹಿಡಿಯುವ ವಿದ್ಯೆ ಅದು. ಅದನ್ನು ಹೊಟ್ಟೆಪಾಡಾಗಿಸಿಕೊಂಡಿದ್ದ ಇಂಥ ಅಲೆಮಾರಿ ಸಮುದಾಯಗಳನ್ನು ಬ್ರಿಟಿಷರ ಕಾನೂನು ಅಪರಾಧಿ ಬುಡಕಟ್ಟುಗಳೆಂದು ಗುರುತಿಸಿತ್ತು. ಹೆಲಿಕಾಪ್ಟರಿನಿಂದ ಚಿಗರಿ ಹಿಡಿಯುವ ಈ ಕಾಲದಲ್ಲಿ ಆ ಅರಿವಿಗೆ ಅರಣ್ಯ ಇಲಾಖೆಯಲ್ಲಿ ಗೌರವದ ಸ್ಥಾನ ಸಿಗಬಾರದೇಕೆ ಎಂಬುದು ಕೇಳಬೇಕಾದ ಪ್ರಶ್ನೆ.

ಬಿಹಾರದಿಂದ ನಮೀಬಿಯದವರೆಗೆ

ದೊಡ್ಡ ಪ್ರಮಾಣದಲ್ಲಿ ಕೊಲ್ಲುವ ಪ್ರಯೋಗ ನಮ್ಮ ದೇಶದಲ್ಲಿಯೇ ನಡೆದಿದೆ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯಿ ಮತ್ತು ಕಾಡುಹಂದಿಯನ್ನು ಒಂದು ವರ್ಷದ ಮಟ್ಟಿಗೆ ಪೀಡಕವೆಂದು ಘೋಷಿಸಿತು. 2016ರ ಜೂನ್‌ನಲ್ಲಿ ಮೊಕಾಮದ ಬಯಲಿನಲ್ಲಿ ಹೊರಗಿನಿಂದ ಕರೆಸಿದ ಗುರಿಕಾರರು ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ನೀಲಗಾಯಿಗಳನ್ನು ಕೊಂದರು. ಕೇಂದ್ರ ಸಂಪುಟದಲ್ಲಿಯೇ ಮೇನಕಾ ಗಾಂಧಿ ಹಾಗೂ ಪ್ರಕಾಶ್ ಜಾವಡೇಕರ್ ಬಹಿರಂಗವಾಗಿ ಜಗಳವಾಡಿದರು. ಆದರೆ ಬಿಹಾರದಲ್ಲಿ ನೀಲಗಾಯಿಯ ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ. ನಂತರದ ವರ್ಷಗಳಲ್ಲಿಯೂ ಕೊಲ್ಲುವ ಆದೇಶಗಳು ಹೊರಟವು.

ಕಾರಣ ಸರಳ. ಸಾವಿರ ಚಿಗರಿಗಳ ಹಿಂಡಿನಲ್ಲಿ 500 ಹೆಣ್ಣು, ಪ್ರತಿಯೊಂದಕ್ಕೂ ವರ್ಷಕ್ಕೆ ಒಂದೇ ಮರಿ, ಅದರಲ್ಲಿ ಅರ್ಧ ಸಾಯುತ್ತವೆ ಎಂದು ಹಿಡಿದರೂ ವರ್ಷಕ್ಕೆ 250 ಹೆಚ್ಚುತ್ತವೆ. ಗರ್ಭಾವಧಿ ಆರು ತಿಂಗಳ ಒಳಗೇ ಇರುವುದರಿಂದ ವರ್ಷಕ್ಕೆ ಎರಡು ಬಾರಿ ಮರಿ ಹಾಕುವುದೂ ಉಂಟು. ವಯಸ್ಸಾದ ಚಿಗರಿಗಳ ಸಾವನ್ನು ಕಳೆದರೂ, ಹಿಂಡು ಬೆಳೆಯದಂತೆ ತಡೆಯಲು ವರ್ಷವರ್ಷವೂ ನೂರಿನ ಲೆಕ್ಕದಲ್ಲಿ ಕೊಲ್ಲುತ್ತಲೇ ಇರಬೇಕು. ಕೊಂಬಿನ ಗಂಡನ್ನು ಹೊಡೆದರೆ ಸಂಖ್ಯೆ ಇಳಿಯದು. ಹೆಣ್ಣುಗಳನ್ನು ಆರಿಸಿ ಹೊಡೆಯಬೇಕು. ಅದಕ್ಕೆ ಬೇಕಾದುದು ಸಿಟ್ಟಿಗೆದ್ದ ರೈತನಲ್ಲ, ತರಬೇತಿ ಪಡೆದ ಕಾಯಂ ಪಡೆ.

ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಈ ವ್ಯವಸ್ಥೆಯಿದೆ. ನಮೀಬಿಯದ ನಿಯಮದಂತೆ ಸ್ಪ್ರಿಂಗ್‌ಬಾಕ್ ಎಂಬ ಬಯಲು ಜಿಂಕೆಗೆ ಗುಂಡಿನ ಶಕ್ತಿ ಕನಿಷ್ಠ 1,350 ಜೂಲ್, ಕುಡು ಮೊದಲಾದ ದೊಡ್ಡವಕ್ಕೆ 2,700 ಜೂಲ್ ಇರಬೇಕು. ಇಂಗ್ಲೆಂಡಿನಲ್ಲಿ ಹೆಚ್ಚಿನ ಜಿಂಕೆ ಜಾತಿಗಳಿಗೆ .240ಕ್ಕಿಂತ ಸಣ್ಣ ಕ್ಯಾಲಿಬರ್ ಬಳಸುವಂತಿಲ್ಲ. ಪ್ರಾಣಿ ನರಳದೆ ಸಾಯಲಿ ಎಂಬುದು ಈ ನಿಯಮಗಳ ಉದ್ದೇಶ. ಅಮೆರಿಕದ ಟೆಕ್ಸಸ್‌ಗೆ 1930ರ ದಶಕದಲ್ಲಿ ಒಯ್ದ ಕೃಷ್ಣಮೃಗಗಳು ಅಲ್ಲಿ ಸಾವಿರಾರು ಸಂಖ್ಯೆಗೆ ಬೆಳೆದು, ಬೇಟೆಗಾರರು ಹಣ ತೆತ್ತು ಹೊಡೆಯುವ ಪ್ರಾಣಿಗಳಾಗಿವೆ. ಆದರೆ ಅಲ್ಲಿನ ಒಂದೊಂದು ಖಾಸಗಿ ಜಾನುವಾರು ಕ್ಷೇತ್ರವೂ ಸಾವಿರಾರು ಎಕರೆ. ಗುಂಡು ತಪ್ಪಿದರೂ ಅದೇ ಒಡೆಯನ ನೆಲದಲ್ಲಿ ಬೀಳುತ್ತದೆ. ಐದು ಎಕರೆಗೊಂದು ಬದು ಇರುವ ಹಾವೇರಿಗೆ ಟೆಕ್ಸಸ್‌ನ ಕ್ಯಾಲಿಬರ್ ತರಬಹುದು, ಟೆಕ್ಸಸ್‌ನ ಅಗಲ ತರಲಾಗದು.

ಹಿಡಿದು ಸಾಗಿಸುವ ದಾರಿ

ಮಧ್ಯಪ್ರದೇಶದ ಶಾಜಾಪುರ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ನಡೆದ ಕಾರ್ಯಾಚರಣೆ ಇನ್ನೊಂದು ದಾರಿಯನ್ನು ತೋರಿಸಿತು. ಹುಲ್ಲು ಮತ್ತು ಹಸಿರು ಬಟ್ಟೆಯ ಮರೆಯಿಂದ ಆಲಿಕೆಯಾಕಾರದಲ್ಲಿ ಕಟ್ಟಿದ ‘ಬೋಮಾ’ ಎಂಬ ಆವರಣಕ್ಕೆ ಹೆಲಿಕಾಪ್ಟರ್ ಹಿಂಡನ್ನು ಮೆಲ್ಲನೆ ಅಟ್ಟುತ್ತದೆ. ಕಿರಿದಾದ ತುದಿಯಲ್ಲಿ ಕಾದಿರುವ ವಾಹನಕ್ಕೆ ಪ್ರಾಣಿಗಳು ತಾವಾಗಿ ಹತ್ತುತ್ತವೆ. ಅರಿವಳಿಕೆ ಚುಚ್ಚುವುದಿಲ್ಲ. ಚಿಗರಿಯಂಥ ಅಂಜುಬುರುಕ ಪ್ರಾಣಿಯನ್ನು ಕೈಯಿಂದ ಹಿಡಿದರೆ ಗಾಬರಿಯಿಂದಲೇ ಸ್ನಾಯು ಕುಸಿದು ಸಾಯುವ ಅಪಾಯವಿರುವುದರಿಂದ ಈ ವಿಧಾನಕ್ಕೆ ಬೆಲೆಯಿದೆ.

ಕರ್ನಾಟಕದಲ್ಲಿ ಇದೇ ಪ್ರಯೋಗಕ್ಕೆ ಮೊದಲ ತೊಡಕು ಹೆಲಿಕಾಪ್ಟರಲ್ಲ, ಹಿಡಿದವನ್ನು ಬಿಡುವ ಜಾಗ. ಮಧ್ಯಪ್ರದೇಶಕ್ಕೆ ಕುನೋ, ಗಾಂಧಿಸಾಗರಗಳಂಥ ವಿಶಾಲ ಅರಣ್ಯಗಳಿವೆ. ಅಲ್ಲಿ ಚೀತಾಗಳಿಗೆ ಆಹಾರವೂ ಬೇಕಿದೆ. ಇಲ್ಲಿನ ಬಯಲುಸೀಮೆಯ ಹುಲ್ಲುಗಾವಲುಗಳು ಹೊಲವಾಗಿ, ನೆಡುತೋಪಾಗಿ, ಸೌರವಿದ್ಯುತ್ ಹಾಗೂ ಗಾಳಿಯಂತ್ರಗಳ ನಿವೇಶನವಾಗಿ ಬದಲಾಗಿವೆ. ರೈತರು ಕೇಳುವ ‘ಜಿಂಕೆ ವನ’ ಬೇಲಿ ಹಾಕಿದ ಚಿಕ್ಕ ಆವರಣವಾದರೆ ಏನಾಗಬಹುದೆಂಬುದಕ್ಕೆ ಭೂತರಾಮನಹಟ್ಟಿ ಎಚ್ಚರಿಕೆ. ಅಲ್ಲಿ ಇದ್ದ 38ರಲ್ಲಿ 31 ಪ್ರಾಣಿಗಳು ಒಂದೇ ಸಾಂಕ್ರಾಮಿಕ ರೋಗಕ್ಕೆ ಬಲಿಯಾದವು. ಒತ್ತಾಗಿ ಕೂಡಿಹಾಕಿದ ಹಿಂಡಿಗೆ ದನಕರುಗಳ ರೋಗ ತಗುಲಿದರೆ ಓಡಿಹೋಗಲು ಬಯಲಿಲ್ಲ.

ಹುಲ್ಲಿಲ್ಲದ ಅಭಯಾರಣ್ಯ

ರಾಣೆಬೆನ್ನೂರಿನ ಕಥೆಯಲ್ಲಿ ಇನ್ನೊಂದು ವಿಪರ್ಯಾಸವಿದೆ. ಹುಲ್ಲುಗಾವಲಿನ ಪ್ರಾಣಿಗಾಗಿ ಮೀಸಲಿಟ್ಟ ನೆಲದ ಬಹುಭಾಗ ನೀಲಗಿರಿ ನೆಡುತೋಪು. ನೀಲಗಿರಿ ಮರೆ ಕೊಡುತ್ತದೆ, ಮೇವು ಕೊಡುವುದಿಲ್ಲ. ಹಗಲು ತೋಪಿನಲ್ಲಿ ತಂಗಿ, ಕತ್ತಲಾದೊಡನೆ ಪಕ್ಕದ ಹೊಲಕ್ಕಿಳಿಯುವುದು ಚಿಗರಿಯ ದಿನಚರಿಯಾಗಿದೆ. ಇದೇ ಅಭಯಾರಣ್ಯದ ಹೆಮ್ಮೆಯಾಗಿದ್ದ ಎರ್ಲಡ್ಡು ಹಕ್ಕಿ ಮರ ಬೆಳೆದ ನೆಲದಲ್ಲಿ ಉಳಿಯಲಿಲ್ಲ. ಚಿಗರಿ ಹೊಂದಿಕೊಂಡಿತು, ಅದರ ಬೆಲೆಯನ್ನು ಸುತ್ತಲಿನ ರೈತರು ತೆರುತ್ತಿದ್ದಾರೆ.

ಹಿಂಡನ್ನು ಮಿತಿಯಲ್ಲಿಡುವ ಸಹಜ ಬೇಟೆಗಾರ ತೋಳ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸರಕಾರ ತೋಳಗಳಿಗಾಗಿ ವನ್ಯಜೀವಿಧಾಮ ಘೋಷಿಸಿದೆ. (ನವಿಲುಧಾಮಕ್ಕೆ ಹೆಸರಾದ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಬೇರೆ.) ಆದರೆ ತೋಳ ಕುರಿಯನ್ನೂ ಹಿಡಿಯುತ್ತದೆ. ಕುರಿಗಾರನಿಗೆ ನಷ್ಟ ತುಂಬಿಕೊಡುವ ವ್ಯವಸ್ಥೆ ಚುರುಕಾಗದೆ ತೋಳ ಉಳಿಯದು. ತೋಳ ಉಳಿಯದೆ ಚಿಗರಿ ಹತೋಟಿಗೆ ಬಾರದು. ಗುಂಡಿಗೆ ವೆಚ್ಚ ಮಾಡುವ ಹಣವನ್ನು ಹುಲ್ಲಿಗೂ ಕುರಿಯ ಪರಿಹಾರಕ್ಕೂ ವೆಚ್ಚ ಮಾಡುವುದು ನಿಧಾನದ ದಾರಿ. ಆದರೆ ಪ್ರತಿವರ್ಷ ಮತ್ತೆ ಮೊದಲಿನಿಂದ ಆರಂಭಿಸಬೇಕಾದ ದಾರಿಯಲ್ಲ.

ವಿಮೆಯ ಭರವಸೆ, 72 ಗಂಟೆಯ ಷರತ್ತು

ಹುಲ್ಲು ಬೆಳೆಯುವವರೆಗೆ ರೈತ ಏನು ಮಾಡಬೇಕು? 2022ರ ಕೊನೆಯಲ್ಲಿ ರಾಜ್ಯ ಸರಕಾರ ವನ್ಯಪ್ರಾಣಿಗಳಿಂದಾದ ಬೆಳೆಹಾನಿಯ ಪರಿಹಾರವನ್ನು ದುಪ್ಪಟ್ಟುಗೊಳಿಸಿತು. ಆದರೆ ಪರಿಹಾರದ ದರ ಆನೆ ತುಳಿದ ಕಬ್ಬನ್ನೋ ಬಾಳೆಯನ್ನೋ ಎಣಿಸಲು ಒದಗುವಷ್ಟು ಸುಲಭವಾಗಿ ಚಿಗರಿ ಮೇಯ್ದ ಗೇಣುದ್ದದ ಸಸಿಗೆ ಒದಗುವುದಿಲ್ಲ. ನಷ್ಟ ಆಗುವುದು ಮೊಳಕೆಯ ಹಂತದಲ್ಲಿ. ಬೆಳೆಯೇ ಕಾಣದ ಹೊಲದಲ್ಲಿ ಬೆಳೆಹಾನಿಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಪರಿಶೀಲನೆಗೆ ಬಂದ ಸಿಬ್ಬಂದಿಯನ್ನೂ ಕಾಡುತ್ತದೆ.

ಕೇಂದ್ರದ ವಿಮಾ ನಿರ್ಧಾರ ಇಲ್ಲಿ ಮುಖ್ಯವಾಗುತ್ತದೆ. ಅದರಂತೆ ಹಾನಿಯಾದ 72 ಗಂಟೆಗಳೊಳಗೆ ರೈತ ಸ್ಥಳದ ಗುರುತು ಇರುವ ಛಾಯಾಚಿತ್ರಗಳನ್ನು ಆ್ಯಪ್ ಮೂಲಕ ಕಳುಹಿಸಬೇಕು. ಯಾವ ಯಾವ ಪ್ರಾಣಿ, ಯಾವ ಯಾವ ಜಿಲ್ಲೆ ಅಥವಾ ವಿಮಾ ಘಟಕ ಎಂಬುದನ್ನು ರಾಜ್ಯ ಸರಕಾರವೇ ಹಿಂದಿನ ಅಂಕಿಅಂಶಗಳ ಆಧಾರದ ಮೇಲೆ ಅಧಿಸೂಚಿಸಬೇಕು. ಎಲ್ಲ ಭಾರವೂ ಈ ಕೊನೆಯ ಮಾತಿನ ಮೇಲೆ ನಿಂತಿದೆ. ಪಟ್ಟಿಯಲ್ಲಿ ಆನೆ, ಹಂದಿ ಇದ್ದು ಕೃಷ್ಣಮೃಗ ಬಿಟ್ಟುಹೋದರೆ, ಅಥವಾ ಚಾಮರಾಜನಗರ, ಕೊಡಗು ಇದ್ದು ಹಾವೇರಿ, ಗದಗ, ಕೊಪ್ಪಳ ಬಿಟ್ಟುಹೋದರೆ ಬಯಲುಸೀಮೆಗೆ ಈ ಯೋಜನೆ ಇದ್ದೂ ಇಲ್ಲದಂತೆ. ಹಿಂದಿನ ಅಂಕಿಅಂಶ ಬೇಕೆಂದರೆ ಹಿಂದೆ ದೂರು ದಾಖಲಾಗಿರಬೇಕು. ಅಲೆದಾಟಕ್ಕೆ ಬೇಸತ್ತು ದೂರನ್ನೇ ಕೊಡದ ರೈತರ ನಷ್ಟ ಯಾವ ಕಡತದಲ್ಲಿಯೂ ಇಲ್ಲ.

ಆದ್ದರಿಂದ ಜಿಲ್ಲಾಡಳಿತಗಳು ಮಾಡಬೇಕಾದ ಕೆಲಸ ಸ್ಪಷ್ಟವಿದೆ. ಚಿಗರಿ ಹಾವಳಿಯ ಗ್ರಾಮಗಳನ್ನು ಕೃಷಿ ಮತ್ತು ಅರಣ್ಯ ಇಲಾಖೆಗಳು ಜತೆಯಾಗಿ ಗುರುತಿಸಬೇಕು. ಹೆಜ್ಜೆಗುರುತು, ಹಿಕ್ಕೆಗಳು ಮಳೆಗೆ ಅಳಿಸಿಹೋಗುವ ಮುನ್ನ ಚಿತ್ರ ತೆಗೆಯಲು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನೆರವು ಬೇಕು. ಮರುಬಿತ್ತನೆಯ ವೆಚ್ಚವನ್ನು ನಷ್ಟವೆಂದು ಒಪ್ಪಬೇಕು. ಅಭಯಾರಣ್ಯದ ನೀಲಗಿರಿಯನ್ನು ಹಂತಹಂತವಾಗಿ ತೆಗೆದು ಹುಲ್ಲಿಗೆ ಜಾಗ ಕೊಡಬೇಕು. ಹಿಡಿದು ಸಾಗಿಸುವ ಪ್ರಯೋಗವನ್ನು ಹುಲ್ಲು ಸಿದ್ಧವಾದ ಜಾಗದಿಂದ ಆರಂಭಿಸಬೇಕು, ಹುಲ್ಲಿಲ್ಲದ ಜಾಗಕ್ಕಲ್ಲ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ತ್ವರಿತ ಸಾರಿಗೆ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟು ನಗರ ಅದರ ವೇಗವನ್ನು ಮೆಚ್ಚಿಕೊಂಡಿತು. ಆ ವೇಗಕ್ಕೆ ಬೇಕಾದ ಮೇವನ್ನು ಒದಗಿಸುತ್ತಿರುವವನು ಹೊಲದಲ್ಲಿ ಹಳೆಯ ಸೀರೆಗಳ ಬೇಲಿ ಕಟ್ಟಿ, ಪಟಾಕಿ ಹಿಡಿದು ರಾತ್ರಿ ಕಾಯುತ್ತಿದ್ದಾನೆ. ಅವನ ಕೈಗೆ ಬಂದೂಕು ಕೊಟ್ಟರೆ ಅವನ ಸಮಸ್ಯೆಯೊಂದಿಗೆ ಅಪರಾಧದ ಭಾರವನ್ನೂ ಅಪಾಯವನ್ನೂ ಅವನ ಹೆಗಲಿಗೇ ಹೊರಿಸಿದಂತಾಗುತ್ತದೆ. ರಾಷ್ಟ್ರದ ಪರವಾಗಿ ವನ್ಯಜೀವಿಯನ್ನು ಉಳಿಸುವುದಾದರೆ ಅದರ ಮೇವಿನ ಬೆಲೆಯನ್ನೂ ರಾಷ್ಟ್ರವೇ ಕೊಡಬೇಕು.